ಮಾರ್ತಾ ಅಜ್ಜಿಯ ನೆರಳು

ಬೆಲೋಜೆಮ್,
ಏಪ್ರಿಲ್ ೨

ಮುನಿಸಿಕೊಂಡಿರುವ ನನ್ನ ಕಲೋಯಾನ್‌ಗೆ,

ಮೂರು ವರ್ಷಗಳಲ್ಲಿ ನಿನಗೆ ಬರೆಯುತ್ತಿರುವ ಮೊದಲ ಕಾಗದ. ವಿಚ್ಛೇದನದ ವಿಷಯವಲ್ಲ, ಹೆದರಬೇಡ. ಅಜ್ಜಿಯ ವಿಷಯ.

ನೆಪ್ಚೂನಿನಾಚೆ ಹೆಪ್ಪುಗಟ್ಟಿ ಕೂತ ಆ ಮುದಿ ಆಕಾಶಕಾಯಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು ಬರೀ ಅಂಕಿ, ಅಕ್ಷರ. ಮಾರ್ಚ್ ತಿಂಗಳಲ್ಲಿ ಒಮ್ಮೆ ನಕ್ಕು ಮರುಗಳಿಗೆ ಹಿಮ ಸುರಿಸುವ, ನಮ್ಮ ಜನಪದ ಕಥೆಗಳ ಮಾರ್ತಾ ಅಜ್ಜಿಯ ಹೆಸರನ್ನು ನೀನೇ ಅದಕ್ಕಿಟ್ಟೆ. ದುಂಡಗಿದ್ದರೆ ಕುಬ್ಜಗ್ರಹ, ಸೊಟ್ಟಗಿದ್ದರೆ ಬರೀ ಬಂಡೆ. ಅದು ನಕ್ಷತ್ರವೊಂದಕ್ಕೆ ಅಡ್ಡ ಬರುವ ಮುಸ್ಸಂಜೆ, ನೆರಳಿನ ಅಳತೆ ಹಿಡಿಯಲು ನೀನು ದಕ್ಷಿಣದ ಬೆಟ್ಟಕ್ಕೆ ಹೋದೆ. ನಾನು ನಮ್ಮ ಹಿತ್ತಲಲ್ಲೇ ದೂರದರ್ಶಕಕ್ಕೆ ಕಣ್ಣಿಟ್ಟೆ.

ನಿನ್ನಲ್ಲಿ ನಕ್ಷತ್ರ ಮೂವತ್ತು ಸೆಕೆಂಡು ಆರಿತು. ನನ್ನಲ್ಲಿ ಆರಲೇ ಇಲ್ಲ ಎಂದು ಬರೆದುಕೊಟ್ಟೆ. ಎರಡೂ ನಿಜವಾದರೆ ಅಜ್ಜಿ ರೊಟ್ಟಿಯಂತೆ ಚಪ್ಪಟೆಯಾಗಿರಬೇಕು. ನಮ್ಮ ಖಗೋಳ ಸಂಘದವರು ನಿನ್ನ ಗಡಿಯಾರವನ್ನೇ ಅನುಮಾನಿಸಿದರು. "ಏನಪ್ಪಾ, ಕಣ್ಣು ಮಿಟುಕಿಸಿದ್ದು ನಕ್ಷತ್ರಾನೋ ನೀನೋ? ರಕಿಯಾ ಎಷ್ಟು ಏರಿಸಿದ್ದೆ?" ಎಂದು ಕಾರ್ಯದರ್ಶಿ ಸ್ತೋಯಿಲ್ ಕೇಳಿದಾಗ ಎಲ್ಲರೂ ನಕ್ಕರು. ನೀನು ನನ್ನ ಕಡೆ ತಿರುಗಿ, "ರುಮ್ಯಾನಾ, ನೀನು ನಿಜವಾಗ್ಲೂ ದೂರದರ್ಶಕದಿಂದ ಕಣ್ಣು ತೆಗೀಲಿಲ್ವಾ?" ಎಂದೆ. ಇಲ್ಲ ಎಂದೆ ನಾನು. ನನ್ನ ಮಾತು ನಂಬಿ ನಿನ್ನ ಅಳತೆಯನ್ನು ನೀನೇ ಹಿಂತೆಗೆದುಕೊಂಡೆ. ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು, ನೀನು ಬುರ್ಗಾಸಿಗೆ ಹೊರಟುಹೋದೆ.

ದೂರದರ್ಶಕದಿಂದ ಕಣ್ಣು ತೆಗೆದಿದ್ದೆ ಕಣೋ. ಚಿಮಣಿಯ ಮೇಲೆ ವರ್ಷದ ಮೊದಲ ಕೊಕ್ಕರೆ ಇಳಿಯಿತು. ಮಾರ್ಚ್ ಒಂದಕ್ಕೆ ಮಾರ್ತಾ ಅಜ್ಜಿಯ ಹೆಸರಲ್ಲಿ ಕೈಗೆ ಕಟ್ಟಿಕೊಂಡ ಕೆಂಪು-ಬಿಳಿ ದಾರವನ್ನು ಕೊಕ್ಕರೆ ಕಂಡೊಡನೆ ಬಿಚ್ಚಿ ಹೂಬಿಟ್ಟ ಮರಕ್ಕೆ ಕಟ್ಟುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಕಾಲು ತಾನಾಗಿ ಪ್ಲಮ್ ಮರದತ್ತ ಓಡಿತು. ದಾರದ ಗಂಟು ಹಾಳಾದ್ದು ಬೇಗ ಬಿಚ್ಚಿಕೊಳ್ಳಲಿಲ್ಲ. ಕೊನೆಗೂ ಕಟ್ಟಿ ಮರಳಿದಾಗ ಎರಡು ನಿಮಿಷ ಕಳೆದಿತ್ತು, ನಕ್ಷತ್ರ ಬೆಳಗುತ್ತಿತ್ತು. ಆಗಲೇ ಹೇಳಬಹುದಿತ್ತು. ಗಣಿತದ ಟೀಚರಮ್ಮ ಕೊಕ್ಕರೆ ನೋಡಿ ಓಡಿದಳಂತೆ ಎಂದು ನಗುತ್ತಾರೆಂಬ ನಾಚಿಕೆ. ಆ ನಗುವೆಲ್ಲ ನಿನ್ನ ಪಾಲಿಗೆ ಹೋಯಿತು, ನಾನು ಸುಮ್ಮನೆ ನೋಡುತ್ತ ಕೂತೆ. ಆ ನಾಚಿಕೆಗಿಂತ ಈ ತಪ್ಪಿನ ಭಾರ ದೊಡ್ಡದು, ಇನ್ನು ಹೊರಲಾರೆ.

ನಿನ್ನೆ ಸಂಘಕ್ಕೆ ಎಲ್ಲವನ್ನೂ ಬರೆದು ನನ್ನ ವರದಿ ಹಿಂತೆಗೆದುಕೊಂಡೆ. ಈ ತಿಂಗಳ ಇಪ್ಪತ್ತಕ್ಕೆ ಅಜ್ಜಿ ಇನ್ನೊಂದು ನಕ್ಷತ್ರಕ್ಕೆ ಅಡ್ಡ ಬರುತ್ತಾಳೆ. ನೆರಳು ಬುರ್ಗಾಸಿನ ಮೇಲೂ ಹಾಯುತ್ತದೆ. ನನ್ನನ್ನು ಕ್ಷಮಿಸುವುದು ಬಿಡುವುದು ನಿನಗೆ ಸೇರಿದ್ದು. ಅಟ್ಟಕ್ಕೆ ಹಾಕಿದ ದೂರದರ್ಶಕವನ್ನು ಮಾತ್ರ ಕೆಳಗಿಳಿಸು.

ನಿನ್ನ ಅಳತೆಯನ್ನು ಕೆಡಿಸಿದ
ರುಮ್ಯಾನಾ

ತಾ.ಕ.: ದಾರ ಕಟ್ಟುವಾಗ ಏನಾದರೂ ಬೇಡಿಕೊಳ್ಳಬೇಕಲ್ಲ. ಅಜ್ಜಿ ದುಂಡಗಿರಲಿ, ನಿನ್ನ ಮಾತು ಗೆಲ್ಲಲಿ ಎಂದು ಬೇಡಿಕೊಂಡಿದ್ದೆ.