ಭಂಡಾರ ಹಾರುವಾಗ ಕಾಣುವ ಕೈ

ಜಮಖಂಡಿ
೧೮ ಜನವರಿ ೨೦೧೨

ಸಾವಳಗಿಯ ನನ್ನ ಅನುರಾಧಕ್ಕನಿಗೆ,

ಎರಡು ವರ್ಷದಿಂದ ನಿನ್ನಿಂದ ಮುಚ್ಚಿಟ್ಟ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಅಪ್ಪನಿಗೆ ಕಿವಿ ಕೇಳುವುದಿಲ್ಲ. ಫೋನಿನಲ್ಲಿ ನೀನು ಏನು ಕೇಳಿದರೂ 'ಹೂಂ ಯವ್ವಾ, ಆರಾಮ ಅದೀನಿ' ಅನ್ನುವುದು ಅದಕ್ಕೇ. 'ಅನೂಗ ಹೇಳಿದಿ ಅಂದ್ರ ನನ್ನ ಆಣಿ ಐತಿ ಲೇ' ಎಂದು ನನ್ನನ್ನು ಕಟ್ಟಿಹಾಕಿದ್ದ. ನನಗೋ ಸುಳ್ಳು ಬರುವುದಿಲ್ಲ. ನಿನ್ನ ಫೋನ್ ಬಂದಾಗಲೆಲ್ಲ ಹಿತ್ತಲಿಗೆ ಓಡುತ್ತಿದ್ದೆ. ಈಗ ಅಪ್ಪನೇ ಬರೆ ಎಂದಿದ್ದಾನೆ.

ಬೀಳಗಿಯ ಪಂದ್ಯಕ್ಕೆಂದು ನಮ್ಮ ಡೊಳ್ಳಿನ ಮೇಳದ ಹಿರಿಯ ಬಸಗೊಂಡಪ್ಪ ಕಾಕಾ ಹೊಸ ಪೆಟ್ಟು ಕೂಡಿಸಿದ್ದಾರೆ. ನಡುವೆ ಅರಿಶಿನದ ಭಂಡಾರ ಹಾರಿಸಿದಾಗ ತಾಳ ತಿರುಗುತ್ತದೆ. ಕೇಳಿಸದ ಅಪ್ಪ ಅದನ್ನು ಕಾಕಾನ ಕೈ ನೋಡಿಯೇ ಕಲಿಯಬೇಕು. ಬೀರಪ್ಪನ ಗುಡಿಯಲ್ಲಿ ಅವರು ಬಾರಿಸಿದ್ದನ್ನು ನಾನು ವಿಡಿಯೊ ತೆಗೆದೆ. ನಾನು ಕೆಲಸ ಮಾಡುವ ಫೋಟೊ ಸ್ಟುಡಿಯೊದಲ್ಲಿ ಅದನ್ನು ಸಣ್ಣದು ಮಾಡಿ ಅಪ್ಪನ ಮೊಬೈಲಿಗೆ ಹಾಕಿಕೊಟ್ಟೆ. ಭಂಡಾರ ಹಾರುವ ತನಕ ಚೆನ್ನಾಗಿತ್ತು. ಹಾರಿದ ಕೂಡಲೇ ಬರೀ ಹಳದಿ ಚೌಕಗಳು. ಕೈಯೂ ಇಲ್ಲ, ಡೊಳ್ಳೂ ಇಲ್ಲ.

'ಈ ಸಲಾ ನಾ ಒಲ್ಲೆ. ನಾ ಒಬ್ಬಾಂವ ತಪ್ಪಿದ್ರ ಮ್ಯಾಳದ ಮರ್ಯಾದಿ ಹೊಕ್ಕೈತಿ' ಎಂದು ಅಪ್ಪ ಡೊಳ್ಳನ್ನು ಗೂಟಕ್ಕೆ ತೂಗುಹಾಕಿದ. ಮೇಳದವರಿಗೆ ತೋಳು ನೋವೆಂದು ಹೇಳಿದ.

ವಿಡಿಯೊವನ್ನು ಮಡಚಿ ಸಣ್ಣದು ಮಾಡುವ ಸಾಫ್ಟ್‌ವೇರಿಗೆ ಎನ್‌ಕೋಡರ್ ಅನ್ನುತ್ತಾರೆ. ನಮ್ಮಲ್ಲಿದ್ದದ್ದು ಸುಮ್ಮನೆ ನಿಂತ ಮಂದಿಗೂ ಹಾರುವ ಭಂಡಾರಕ್ಕೂ ಒಂದೇ ಅಳತೆಯ ಜಾಗ ಕೊಡುತ್ತಿತ್ತು. ನೆಟ್ ಸೆಂಟರಿನಲ್ಲಿ ಕೂತು ಬೇರೆಯವನ್ನು ಹುಡುಕಿದೆ. ಎಕ್ಸ್ ೨೬೪ ಎಂಬುದು ಮೊದಲು ಪೂರ್ತಿ ನೋಡಿಕೊಂಡು, ಎರಡನೆಯ ಸಲ ಬೇಕಾದಲ್ಲಿ ಜಾಗ ಹೆಚ್ಚು ಬಿಡುತ್ತದಂತೆ. ಅದನ್ನೇ ಪೆನ್‌ಡ್ರೈವಿನಲ್ಲಿ ತಂದೆ. ಸ್ಟುಡಿಯೊದ ಮಾಲೀಕ ಗೌರೀಶಣ್ಣ, 'ನೀ ಸಾಲಿ ಬಿಟ್ಟಂಗ ನನ್ನ ಕಂಪ್ಯೂಟರಿಗೂ ಕೆಲಸ ಬಿಡಸ್ತಿ ನೋಡ ಮಗನ' ಎಂದರು. ನಮ್ಮ ಹಳೆಯ ಯಂತ್ರಕ್ಕೆ ಹೊಂದದ್ದನ್ನು ತಂದಿದ್ದೆ, ಅದು ಏಳಲೇ ಇಲ್ಲ. ಮತ್ತೆ ಹೋಗಿ ಹೊಂದುವುದನ್ನು ತಂದು ಹಾಕಿದೆ.

ಸಂತೆಯ ದಿನ ಅಪ್ಪ, ಬಸಗೊಂಡಪ್ಪ ಕಾಕಾ ಇಬ್ಬರೂ ಅಂಗಡಿಗೆ ಬಂದರು. ಹುರುಪಿನಿಂದ ಹೊಸದಾಗಿ ಮಡಚಿದ ವಿಡಿಯೊವನ್ನು ಅಪ್ಪನ ಮೊಬೈಲಿಗೆ ಹಾಕಿ ಅವನ ಕೈಗಿಟ್ಟೆ. ಡೊಳ್ಳು ಅಂಗಡಿ ತುಂಬ ಗುಡುಗಿತು, ಪರದೆ ಮಾತ್ರ ಕಪ್ಪು. ಅಪ್ಪ ಅದನ್ನು ಆಚೆ ಈಚೆ ತಿರುಗಿಸಿ, 'ಏನೂ ಇಲ್ಲಲ್ಲೋ ಇದರಾಗ' ಎಂದ.

ಲಗ್ನದ ಆಲ್ಬಮ್ ನೋಡುತ್ತಿದ್ದವರು ನಕ್ಕರು. ಕಾಕಾ ನಗಲಿಲ್ಲ. ಅಪ್ಪನ ಮುಖವನ್ನೇ ನೋಡಿದರು. 'ಏ ಹುಚ್ಚಾ, ಕಿವಿ ಕೇಳಂಗಿಲ್ಲಂತ ಹೇಳಾಕ ಏನಾಗಿತ್ತೋ ನಿನಗ' ಎಂದು ಕೂಗಿ ಬೈದರು. ಅದೂ ಅಪ್ಪನಿಗೆ ಕೇಳಿಸಲಿಲ್ಲ. ಆಮೇಲೆ ಎದುರಿಗೆ ಕೂತು, ತೊಡೆಯ ಮೇಲೆ ನಿಧಾನಕ್ಕೆ ಪೆಟ್ಟು ಹಾಕಿ ತೋರಿಸತೊಡಗಿದರು.

ಆದರೆ ಕಾಕಾ ದಿನಾ ಬಂದು ಕೂರಲಾರರು. ಅಪ್ಪನ ಮೊಬೈಲಿಗೆ ಆ ಮಡಿಕೆ ಬಿಚ್ಚಲು ಬರುವುದಿಲ್ಲವೆಂದು ತಿಳಿಯಿತು. ಅದಕ್ಕೇ ಸರಳ ಮಡಿಕೆ ಆರಿಸಿ, ಚಿತ್ರದ ಅಳತೆ ತಗ್ಗಿಸಿ ಇನ್ನೊಮ್ಮೆ ಮಾಡಿದೆ. ಅರ್ಧ ದಿನ ಹಿಡಿಯಿತು, ಗೌರೀಶಣ್ಣ ಗೊಣಗುತ್ತಲೇ ಇದ್ದರು. ಈಗ ಭಂಡಾರ ಭಂಡಾರದಂತೆಯೇ ಹಾರುತ್ತದೆ. ಅದರ ನಡುವೆ ಕಾಕಾನ ಬೆರಳುಗಳು ಕಾಣುತ್ತವೆ.

ಅಪ್ಪ ಅದನ್ನು ಕೈಬಿಡುತ್ತಿಲ್ಲ. 'ಇನ್ನ ಆ ಮೊಬೈಲಿಗೇ ರೊಟ್ಟಿ ಹಾಕತೇನಿ' ಎನ್ನುತ್ತಾಳೆ ಅವ್ವ. ನಿನ್ನೆ ತಾಲೀಮಿನಲ್ಲಿ ತಾಳ ತಿರುಗಿದಾಗ ಅಪ್ಪನೂ ಎಲ್ಲರ ಜೊತೆಗೇ ತಿರುಗಿದ. ಮನೆಗೆ ಬಂದು, 'ಅನೂಗ ಬರಿ. ನಾ ಬಾರಸ್ತೇನಂತ ಮದಲ ಬರಿ, ಕಿವಿ ಸುದ್ದಿ ಆಮ್ಯಾಲೆ' ಎಂದ. ನಾನು ತಿರುಗಿಸಿ ಬರೆದಿದ್ದೇನೆ.

ನಿನ್ನ ತಮ್ಮ,
ದುಂಡೇಶ

ತಾ.ಕ.: ನೀನು ಬಸುರಿಯೆಂದು ಮೊದಲು ಅಪ್ಪನಿಗೇ ಫೋನಿನಲ್ಲಿ ಹೇಳಿದೆಯಂತೆ. ಅವನು 'ಆರಾಮ ಅದೀನಿ' ಎಂದು ಫೋನ್ ಇಟ್ಟದ್ದಕ್ಕೆ ನೀನು ಮುನಿದು ನಮಗ್ಯಾರಿಗೂ ಹೇಳಲೇ ಇಲ್ಲವಂತೆ. ನಿನ್ನ ಮನೆಯವರು ಪರಮಾನಂದ ಮಾಮಾ ಇವತ್ತು ಅಂಗಡಿಗೆ ಬಂದಾಗ ಗೊತ್ತಾಯಿತು. ಅಪ್ಪನಿಗೆ ಹೊಟ್ಟೆಯ ಮುಂದೆ ಕೈ ಹಿಡಿದು ತೋರಿಸಿದರೆ, ಡೊಳ್ಳೆಂದುಕೊಂಡು ಗೂಟದಿಂದ ಡೊಳ್ಳು ಇಳಿಸಿಕೊಂಡು ಬಂದ. ನಿನ್ನ ಫೋಟೊ ತೋರಿಸಿದ ಮೇಲೆ ತಿಳಿಯಿತು. ಆವಾಗಿನಿಂದ ಬಾರಿಸುತ್ತಲೇ ಇದ್ದಾನೆ. ನಾಳೆ ಬೆಳಿಗ್ಗೆ ಬೀಳಗಿಗೆ ಹೊರಡುತ್ತೇವೆ.