ಮೂರನೇ ವಾರದಲ್ಲಿ ಆದದ್ದು

ದೊಡ್ಡಬಳ್ಳಾಪುರ
೯ ನವೆಂಬರ್, ಭಾನುವಾರ

ಅಮ್ಮಾ,

ನಿನ್ನ ಅರ್ಪಿತಳ ನಮಸ್ಕಾರ. ಎಲ್ಲಕ್ಕಿಂತ ಮೊದಲು ಒಂದು ಮಾತು: ನಾನು ಚೆನ್ನಾಗಿದ್ದೇನೆ. ಮುಂದೆ ಓದುವಾಗ ನಿನಗೆ ಎಲ್ಲೆಲ್ಲಿ ಎದೆ ಝಲ್ಲೆನ್ನುತ್ತದೋ ಅಲ್ಲಲ್ಲಿ ವಾಪಸ್ಸು ಬಂದು ಈ ಸಾಲನ್ನು ಓದಿಕೊ. ಊಟ ಮಾಡುತ್ತಿದ್ದೇನೆ, ಓಡಾಡುತ್ತಿದ್ದೇನೆ, ನಾಳೆಯಿಂದ ಕಾಲೇಜಿಗೂ ಹೋಗುತ್ತೇನೆ.

ಫೋನಿರುವಾಗ ಪತ್ರ ಯಾಕೆ ಅನ್ನುತ್ತೀಯ. ಆವತಿಯ ನಮ್ಮ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದಲ್ಲ. ನೀನು ಮುದ್ದೆ ತಿರುವುತ್ತಾ ಮಾತಾಡುತ್ತೀಯ, ಪಕ್ಕದಲ್ಲಿ ಅಜ್ಜಿ ಎಲೆಅಡಿಕೆ ಮೆಲ್ಲುತ್ತಾ ನನ್ನ ಒಂದೊಂದು ಮಾತಿಗೂ ಹೂಂ ಅನ್ನುತ್ತಾಳೆ. ನಾನು ಈಗ ಬರೆಯುವುದು ಅಜ್ಜಿಯ ಕಿವಿಗೆ ಬೀಳಬಾರದೆಂದು ನೀನು ನನ್ನಿಂದ ಮಾತು ತೆಗೆದುಕೊಂಡಿದ್ದ ವಿಷಯ. ನನ್ನ ಹೃದಯದ ವಿಷಯ. ಕನ್ನಡದಲ್ಲಿ ಇಷ್ಟುದ್ದ ಬರೆದು ನನಗೆ ಅಭ್ಯಾಸವಿಲ್ಲ. ತಪ್ಪಿದ್ದರೆ ಹಾಸ್ಟೆಲ್ ಶಾಲೆಯನ್ನು ಬೈದುಕೊ, ನನ್ನನ್ನಲ್ಲ.

ಹತ್ತನೇ ಕ್ಲಾಸಿನಲ್ಲಿ ನೀನು ಹಾಸ್ಟೆಲಿಗೆ ಬಂದು, ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ಹೇಳಿದ್ದೆಲ್ಲ ನನಗೆ ಹಾಗೇ ನೆನಪಿದೆ. ಚಿಕ್ಕವಳಿದ್ದಾಗ ಕೆಮ್ಮು ಬಿಡದೆ ನನ್ನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದು, ಡಾಕ್ಟರು ಎಕ್ಸ್‌ರೇ ನೋಡಿ ಫಿಲಂ ತಿರುಗಿಸಿ ಹಾಕಿದ್ದೀಯಲ್ಲಯ್ಯಾ ಎಂದು ಕಾಂಪೌಂಡರಿಗೆ ಬೈದಿದ್ದು, ಆಮೇಲೆ ತಿರುಗಿರುವುದು ಫಿಲಂ ಅಲ್ಲ, ಮಗುವೇ ಎಂದು ಗೊತ್ತಾಗಿದ್ದು. ಹೃದಯ ಬಲಕ್ಕೆ, ಲಿವರ್ ಎಡಕ್ಕೆ, ಒಳಗಿರುವುದೆಲ್ಲ ಅದಲುಬದಲು. ಇದರಿಂದ ಜೀವಕ್ಕೇನೂ ತೊಂದರೆಯಿಲ್ಲ ಎಂದು ಅವರು ಹೇಳಿದ್ದು ನಿನಗೆ ಕೇಳಿಸಲೇ ಇಲ್ಲ. ನಿನಗೆ ನೆನಪಾಗಿದ್ದು ಗ್ರಹಣ. ನಾನು ಹೊಟ್ಟೆಯಲ್ಲಿ ಏಳು ತಿಂಗಳಿದ್ದಾಗ ಚಂದ್ರಗ್ರಹಣ ಬಂದಿತ್ತು. ಗ್ರಹಣ ಬಿಡುವ ತನಕ ಬಸುರಿ ಹೊರಗೆ ಬರಬಾರದು, ಏನನ್ನೂ ಕೊಯ್ಯಬಾರದು ಎಂದು ಅಜ್ಜಿ ನಿನ್ನನ್ನು ಒಳಗೆ ಮಲಗಿಸಿದ್ದಳು. ಬೆಳಗಿನ ಜಾವ, ಗ್ರಹಣ ಬಿಡುವ ಮೊದಲೇ, ಹಸು ಒಂದೇ ಸಮನೆ ಕೂಗಿತು ಅಂತ ನೀನು ಎದ್ದು ಹೋಗಿ ಒಂದು ಹಿಡಿ ಸೀಮೆಹುಲ್ಲು ಕೊಯ್ದು ಹಾಕಿದೆ. ಆ ಕುಡುಗೋಲಿನಿಂದಲೇ ಮಗು ಒಳಗೆ ತಿರುಗಿಕೊಂಡಿತು ಅಂತ ನಂಬಿದೆ. ಅಪ್ಪನಿಗೂ ಹೇಳಿಲ್ಲ, ಅಜ್ಜಿಗೆ ಗೊತ್ತಾದರೆ ನಾನು ಆ ಮನೆಯಲ್ಲಿ ತಲೆಯೆತ್ತುವ ಹಾಗಿಲ್ಲ, ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ನೀನು ನನ್ನಿಂದ ಮಾತು ತೆಗೆದುಕೊಂಡೆ. ಐದನೇ ಕ್ಲಾಸಿಗೇ ನನ್ನನ್ನು ಹಾಸ್ಟೆಲಿಗೆ ಹಾಕಿದ್ದು ಅಜ್ಜಿಯ ಕಣ್ಣಿನಿಂದ ದೂರ ಇಡುವುದಕ್ಕೇ ಎಂದು ನನಗೆ ತಿಳಿದಿದ್ದು ಆವತ್ತು. ಅಲ್ಲಿಯವರೆಗೆ ನಿನಗೆ ನಾನು ಬೇಡವಾಗಿದ್ದೆ ಅಂದುಕೊಂಡಿದ್ದೆ.

ಅಮ್ಮಾ, ಆ ಗ್ರಹಣವನ್ನು ನೀನು ಇನ್ನು ಹೊರಬೇಕಾಗಿಲ್ಲ. ಅದನ್ನು ಇಳಿಸುವುದಕ್ಕೇ ಈ ಪತ್ರ. ಆದರೆ ಅದಕ್ಕೂ ಮುಂಚೆ ನಿನಗೆ ಇನ್ನೊಂದು ಹೇಳಬೇಕು.

ಇಂಟರ್ನಲ್ಸ್ ಇದೆ, ದೀಪಾವಳಿಗೆ ಬರೋಕಾಗಲ್ಲ ಅಂದಿದ್ದೆನಲ್ಲ, ಇಂಟರ್ನಲ್ಸ್ ಇರಲಿಲ್ಲ. ನನಗೆ ಆಪರೇಷನ್ ಆಗಿತ್ತು. ಅಪೆಂಡಿಕ್ಸ್. (ಮೊದಲ ಸಾಲಿಗೆ ಹೋಗಿ ಬಾ.)

ನಮ್ಮ ಜುವಾಲಜಿಯ ಉಮಾಶಂಕರ್ ಸರ್ ಫಸ್ಟ್ ಇಯರಿನವರಿಗೆಲ್ಲ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ನಮ್ಮ ಕಡೆಯ ಒಬ್ಬ ವಿಜ್ಞಾನಿಯನ್ನು ಕಂಡು, ಮಾತಾಡಿಸಿ, ಅವರ ಕೆಲಸದ ಬಗ್ಗೆ ಬರೆಯಬೇಕು. ಗುರುತಿಲ್ಲದವರ ಮನೆ ಬಾಗಿಲು ತಟ್ಟುವುದೆಂದರೆ ನಾನು ಗೇಟಿನಿಂದಲೇ ವಾಪಸ್ಸು ಬರುವವಳು ಅಂತ ನಿನಗೆ ಗೊತ್ತು. ನನ್ನ ಕ್ಲಾಸಿನ ಸ್ನೇಹ ಇಲ್ಲಿನ ನೇಕಾರರ ಮನೆಯ ಹುಡುಗಿ. ನಮ್ಮ ಬೀದಿಯಲ್ಲೇ ಒಬ್ಬರು ಇದ್ದಾರೆ, ಬಾರೇ ಎಂದು ಎಳೆದುಕೊಂಡು ಹೋದಳು.

ಅವರು ಡಾಕ್ಟರ್ ವರಲಕ್ಷ್ಮಮ್ಮ. ವಯಸ್ಸು ಎಂಬತ್ತರ ಹತ್ತಿರ. ಕೆಳಗಡೆ ಅವರ ತಮ್ಮ ಪಾಪಯ್ಯನವರ ಪವರ್‌ಲೂಮುಗಳು, ಮೇಲೆ ಇವರ ಮನೆ. ಮಗ್ಗದ ಸದ್ದಿಗೆ ಕೂಗಿ ಮಾತಾಡಿ ಅಭ್ಯಾಸ, ಈಗ ಕರೆಂಟ್ ಹೋಗಿ ಮಗ್ಗ ನಿಂತಾಗಲೂ ಕೂಗಿಯೇ ಮಾತಾಡುತ್ತಾರೆ. ಒಂದು ಮೊಟ್ಟೆಯೊಳಗಿನ ಹನಿ ಕೋಳಿಯಾಗುವುದು ಹೇಗೆ ಎಂದು ಜೀವಮಾನವಿಡೀ ನೋಡಿದವರು. ಆ ಕಾಲಕ್ಕೆ ನಮ್ಮ ಕಡೆ ಹೆಂಗಸರು ಹಾಗಿರಲಿ, ಗಂಡಸರೂ ಆ ಕೆಲಸಕ್ಕೆ ಕೈ ಹಾಕಿರಲಿಲ್ಲವಂತೆ. ಅವರದು ಮೊಟ್ಟೆಯನ್ನು ಹೊಸಿಲು ದಾಟಿಸದ ಮನೆ. ಅದಕ್ಕೆ ಹಿತ್ತಿಲಿನ ಶೆಡ್ಡಿನಲ್ಲಿ, ನೂಲಿನ ಮೂಟೆಗಳ ಪಕ್ಕ, ಮರದ ಪೆಟ್ಟಿಗೆಗೆ ಬಲ್ಬು ಹಾಕಿ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದರು. ಚಿಪ್ಪಿನಲ್ಲಿ ಉಗುರಿನಗಲ ಕಿಟಕಿ ಕೊರೆದು ಒಳಗೆ ನೋಡುವುದು, ಮತ್ತೆ ಮುಚ್ಚಿ ಕಾವಿಗಿಡುವುದು. ಕರೆಂಟ್ ಹೋದರೆ ಅವರ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಿಸಿನೀರಿನ ಚೊಂಬು ತಂದು ಪೆಟ್ಟಿಗೆಯೊಳಗೆ ಇಟ್ಟು, ಹೋಗಿ ಸ್ನಾನ ಮಾಡುತ್ತಿದ್ದರಂತೆ. ಇದನ್ನು ಹೇಳುವಾಗ ಮೇಡಂ ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡರು.

ಅವರ ಮಾತು ನಮ್ಮ ಟೆಕ್ಸ್ಟ್ ಬುಕ್ಕಿನ ಹಾಗಿಲ್ಲ. ಒಳಗೆ ಯಾರೋ ಮೇಸ್ತ್ರಿ ನಿಂತು ಇಡೀ ಕೋಳಿಯನ್ನು ಕಟ್ಟಿಸುವುದಿಲ್ಲ, ಅನ್ನುತ್ತಾರೆ. ಯಾವ ಜೀವಕೋಶಕ್ಕೂ ತಾನು ಕೋಳಿಯಾಗುತ್ತಿದ್ದೇನೆ ಎಂದು ಗೊತ್ತಿಲ್ಲ. ಪಕ್ಕದ ಕೋಶ ಏನು ಹೇಳಿತೋ ಅಷ್ಟು ಕೇಳಿಸಿಕೊಂಡು ತನ್ನ ಕೆಲಸ ಮಾಡುತ್ತದೆ, ತಾನೂ ಪಕ್ಕಕ್ಕೆ ಒಂದು ಮಾತು ಹೇಳುತ್ತದೆ. ಹೀಗೆ ಅಕ್ಕಪಕ್ಕದವರ ಮಾತಿನಿಂದಲೇ ರೆಕ್ಕೆ, ಕಣ್ಣು, ಕಾಲು. ಮೊದಲು ಹೃದಯವೂ ನೆಟ್ಟಗಿನ ಒಂದು ಸಣ್ಣ ಕೊಳವೆ. ಆಮೇಲೆ ಒಂದು ಕಡೆಗೆ ಬಾಗುತ್ತದೆ, ಬಡಿಯಲು ಶುರುಮಾಡುತ್ತದೆ. ಅವರು ಹುಡುಗಿಯಾಗಿದ್ದಾಗ ಒಂದು ಮೊಟ್ಟೆಯಲ್ಲಿ ಆ ಕೊಳವೆ ಉಲ್ಟಾ ಬಾಗಿದ್ದನ್ನು ಕಂಡು ಬರೆದು ಕೊಟ್ಟರೆ, ಪರೀಕ್ಷಕರು, ಸ್ಲೈಡನ್ನೇ ತಿರುಗಿಸಿ ಇಟ್ಟಿದ್ದೀಯಮ್ಮ, ಮನೆಗೆ ಹೋಗಿ ಕಂಡಿಕೆ ಸುತ್ತು ಹೋಗು ಎಂದರಂತೆ. ನೂಲು ಸುತ್ತಲು ಹೋಗು ಅಂತ. ಮನೆಗೆ ಬಂದವರು ಮತ್ತೆ ಮೊಟ್ಟೆ ತರಿಸಿದರು. ಅಂಥವನ್ನು ಹುಡುಕಿ ಹುಡುಕಿ, ಬದುಕಲು ಬಿಟ್ಟು, ಮುಂದೇನಾಗುತ್ತದೆ ಎಂದು ವರ್ಷಗಟ್ಟಲೆ ನೋಡಿದರು. ಅವರಿಗೆ ಹೆಸರು ಬಂದಿದ್ದು ಅದರಿಂದಲೇ.

ಇದನ್ನು ಕೇಳುತ್ತಾ ನನಗೆ ಹೇಗಾಗಿರಬೇಡ ಹೇಳು.

ನಾನೂ ಸ್ನೇಹಳೂ ಎರಡನೇ ಸಲ ಹೋದ ದಿನ ನನಗೆ ಹೊಟ್ಟೆನೋವಿತ್ತು. ಹಿಂದಿನ ದಿನ ಹೊಕ್ಕುಳ ಸುತ್ತ ಶುರುವಾಗಿದ್ದು ಎಡಗಡೆ ಕೆಳಗೆ ಇಳಿದಿತ್ತು. ಇಲ್ಲಿನ ಹಾಸ್ಟೆಲಿನ ವಾರ್ಡನ್ ಕ್ಲಿನಿಕ್ಕಿಗೆ ಕಳಿಸಿದ್ದರು. ಅಲ್ಲಿನ ಡಾಕ್ಟರು ಬಲಗಡೆ ಒತ್ತಿ ನೋಡಿ, ಅಪೆಂಡಿಕ್ಸ್ ಇರುವುದು ಇಲ್ಲಿ, ಇಲ್ಲಿ ನೋವಿಲ್ಲವಲ್ಲ, ಹಾಗಾದರೆ ಗ್ಯಾಸು ಎಂದು ಮಾತ್ರೆ ಕೊಟ್ಟರು. ಸ್ಟೆತಾಸ್ಕೋಪ್ ಹಿಡಿದು ಬಂದಾಗ ನಾನು ದುಪಟ್ಟಾ ಬಿಗಿ ಹಿಡಿದುಕೊಂಡು ಹಿಂದೆ ಸರಿದೆ. ನಿನಗೆ ಕೊಟ್ಟ ಮಾತಲ್ಲವಾ. ಆಮೇಲೆ ಬೆವರುತ್ತಾ ಮೇಡಂ ಎದುರು ಕೂತು, ಹೃದಯ ಉಲ್ಟಾ ಇದ್ದ ಆ ಕೋಳಿಮರಿಗಳು ಬದುಕಿದವಾ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು, ನಾನು ಒತ್ತಿಕೊಂಡಿದ್ದ ಜಾಗ ನೋಡಿದರು. ಯಾವಾಗಲೂ ನೆಗಡಿ ಇರುತ್ತಾ ಎಂದು ಕೇಳಿದರು. ಇರುತ್ತೆ ಅಂದೆ. ಆಮೇಲೆ ಮೊದಲನೇ ಸಲ ಮೆಲ್ಲಗೆ ಕೇಳಿದರು.

"ನಿನ್ನ ಹೃದಯ ಯಾವ ಕಡೆ ಇದೆಯಮ್ಮಾ?"

ನಾನು ಅತ್ತುಬಿಟ್ಟೆ. ಹೇಳುವ ಹಾಗಿಲ್ಲ ಮೇಡಂ, ಅಮ್ಮನಿಗೆ ಮಾತು ಕೊಟ್ಟಿದ್ದೀನಿ ಅಂದೆ. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಲಿ, ಪೆದ್ದಿ ನಾನು.

"ನೀನು ಚೆನ್ನಾಗಿರ್ಲಿ ಅಂತ ತಾನೇ ನಿಮ್ಮಮ್ಮ ಮಾತು ತಗೊಂಡಿರೋದು? ಏಳು, ಚಪ್ಪಲಿ ಹಾಕ್ಕೋ" ಅಂದರು.

ಆಟೋದಲ್ಲಿ ಸ್ನೇಹಳ ತೊಡೆಯ ಮೇಲೆ ನನ್ನ ತಲೆ. ಆಸ್ಪತ್ರೆಯ ಬಾಗಿಲಿನಿಂದಲೇ ಮೇಡಂ ತಮ್ಮ ಮಗ್ಗದ ದನಿಯಲ್ಲಿ, ಈ ಹುಡುಗಿಗೆ ಒಳಗೆಲ್ಲ ಅದಲುಬದಲಿದೆ, ಬಲಗಡೆ ಹುಡುಕಬೇಡಿ, ಎಡಗಡೆ ಸ್ಕ್ಯಾನ್ ಮಾಡಿ ಎಂದರು. ನಾನು ಹತ್ತನೇ ಕ್ಲಾಸಿನಿಂದ ಮುಚ್ಚಿಟ್ಟುಕೊಂಡಿದ್ದು ಚೀಟಿ ಹಿಡಿದು ನಿಂತಿದ್ದವರಿಗೆಲ್ಲ ಕೇಳಿಸಿತು. ಯಾರೂ ಏನೂ ಅನ್ನಲಿಲ್ಲ ಅಮ್ಮಾ. ಒಬ್ಬರು ಎದ್ದು ನನಗೆ ಜಾಗ ಬಿಟ್ಟರು, ಅಷ್ಟೇ. ಇನ್ನು ಸ್ವಲ್ಪ ತಡವಾಗಿದ್ದರೆ ಅಪೆಂಡಿಕ್ಸ್ ಒಡೆಯುತ್ತಿತ್ತು ಎಂದು ಸರ್ಜನ್ ಆಮೇಲೆ ಹೇಳಿದರು. ಆಪರೇಷನ್ನಿಗೆ ಮುಂಚೆ ನಿನಗೆ ಫೋನ್ ಮಾಡಿದ್ದೆ. ಅಜ್ಜಿ ಎತ್ತಿದಳು. ಓದ್ಕೊಂತಿದೀನಿ ಅಜ್ಜಿ, ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಟ್ಟೆ. ಹದಿನೆಂಟಾಗಿದೆಯಲ್ಲ, ನಾನೇ ಸೈನ್ ಹಾಕಿದೆ. ಪಕ್ಕದಲ್ಲಿ ಮೇಡಂ ಹಾಕಿದರು.

ಎಚ್ಚರವಾದಾಗ ಸ್ನೇಹ ಎದುರಿಗಿದ್ದಳು. ಲೇ, ನೀನು ಕನ್ನಡಿಯೊಳಗೆ ಹುಟ್ಟಿದೋಳು ಕಣೇ, ಅದಕ್ಕೇ ರಸ್ತೆ ದಾಟೋಕೆ ಬರಲ್ಲ ಅಂದಳು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಅದಕ್ಕೆ ಅವಳು ಇನ್ನಷ್ಟು ನಗಿಸಿದಳು. ಡಿಸ್ಚಾರ್ಜ್ ಆದ ಮೇಲೆ ಮೇಡಂ ನನ್ನನ್ನು ತಮ್ಮ ಮನೆಗೇ ಕರೆದುಕೊಂಡು ಬಂದರು. ಮಗ್ಗದ ಸದ್ದಿನಲ್ಲಿ ಅಷ್ಟು ಚೆನ್ನಾಗಿ ನಿದ್ದೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅಲ್ಲಿ ಒಂದು ಮಧ್ಯಾಹ್ನ ಗಂಜಿ ಕುಡಿಯುತ್ತಾ ಅವರಿಗೆ ಗ್ರಹಣದ ವಿಷಯ ಹೇಳಿದೆ. ಇಷ್ಟು ಓದಿದವರು ನಿನ್ನನ್ನು ನೋಡಿ ನಗುತ್ತಾರೇನೋ ಎಂದು ಟೆನ್ಷನ್ ಆಗಿತ್ತು. ಅವರು ನಗಲಿಲ್ಲ. ನಮ್ಮಮ್ಮನೂ ಗ್ರಹಣದ ದಿನ ಮಗ್ಗದ ಒಂದು ಎಳೆಯನ್ನೂ ಕತ್ತರಿಸಲು ಬಿಡುತ್ತಿರಲಿಲ್ಲ ಎಂದರು. ಆಮೇಲೆ ಎಷ್ಟು ತಿಂಗಳು ತುಂಬಿತ್ತು ಎಂದು ಕೇಳಿದರು. ಏಳು ಅಂದೆ.

"ಏಳಾ? ಅಷ್ಟೊತ್ತಿಗೆ ಎಲ್ಲಾ ಮುಗಿದುಹೋಗಿತ್ತು ಕಣಮ್ಮ. ನಿನ್ನ ಹೃದಯ ಯಾವ ಕಡೆ ಅನ್ನೋದು ಮೂರನೇ ವಾರದಲ್ಲೇ ತೀರ್ಮಾನ ಆಗಿತ್ತು."

ಇದನ್ನು ನಿಧಾನವಾಗಿ ಓದು ಅಮ್ಮಾ. ಬಸಿರು ನಿಂತ ಮೂರನೇ ವಾರದಲ್ಲಿ ಮಗು ಎಂದರೆ ಸಾಸಿವೆಕಾಳಿನಷ್ಟೂ ಇಲ್ಲ. ಚಪ್ಪಟೆ ಎಲೆಯ ಹಾಗಿರುತ್ತದೆ, ತಲೆ ಯಾವ ಕಡೆ, ಬೆನ್ನು ಯಾವ ಕಡೆ ಎಂದು ಮಾತ್ರ ಗೊತ್ತು, ಎಡಬಲ ಇನ್ನೂ ಇಲ್ಲ. ಆ ಎಲೆಯ ನಡುವೆ ಒಂದು ಸಣ್ಣ ಗುಳಿ. ಗುಳಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಗರಗರ ತಿರುಗುತ್ತಾ ಅಲ್ಲಿನ ನೀರನ್ನು ಒಂದು ಕಡೆಗೆ ತಳ್ಳುತ್ತವೆ. ನೀರು ಹರಿದ ಕಡೆ ಎಡ ಆಗುತ್ತದೆ. (ಕೋಳಿಯಲ್ಲಿ ದಾರಿ ಬೇರೆ, ಅದೂ ಹೇಳಿದರು, ನನಗೆ ಪೂರ್ತಿ ಅರ್ಥವಾಗಲಿಲ್ಲ.) ಕೆಲವರಲ್ಲಿ ಮೊದಲಿನಿಂದಲೇ ಆ ರೋಮಗಳು ತಿರುಗುವುದಿಲ್ಲ. ಆಗ ಹೃದಯ ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು. ಮೂಗು, ಶ್ವಾಸಕೋಶ ಎರಡರಲ್ಲೂ ಅಂಥವೇ ರೋಮಗಳು ಕಫವನ್ನು ಹೊರಗೆ ತಳ್ಳಬೇಕು. ನನ್ನ ಬಿಡದ ನೆಗಡಿ, ಕೆಮ್ಮು ಅದರಿಂದಲೇ ಇರಬಹುದು, ಟೆಸ್ಟ್ ಮಾಡಿಸಬೇಕು ಎಂದಿದ್ದಾರೆ.

ಮೂರನೇ ವಾರ ಅಂದರೆ ಈ ಸಲ ತಡವಾಯಿತಲ್ಲ, ಯಾಕಿರಬಹುದು ಎಂದು ನೀನು ಇನ್ನೂ ಯೋಚಿಸುತ್ತಿದ್ದ ದಿನಗಳು. ಗ್ರಹಣ ಇನ್ನೂ ಎಷ್ಟೋ ದೂರವಿತ್ತು. ನೀನು ಕುಡುಗೋಲು ಹಿಡಿದ ಆ ಬೆಳಗಿನ ಹೊತ್ತಿಗೆ ನನ್ನ ಹೃದಯ ಬಲಗಡೆಯಲ್ಲಿ ನೆಮ್ಮದಿಯಾಗಿ ಬಡಿಯುತ್ತಿತ್ತು. ನೀನು ಕೊಯ್ದಿದ್ದು ಬರೀ ಹುಲ್ಲು.

ನನಗೆ ಆ ಹುಲ್ಲಿನ ಬಗ್ಗೆ ಹೆಮ್ಮೆ ಇದೆ ಅಮ್ಮಾ. ತುಂಬಿದ ಹೊಟ್ಟೆಯಲ್ಲಿ, ಅಷ್ಟು ಭಯವಿದ್ದೂ, ಹಸಿದ ಹಸು ಕೂಗಿದರೆ ಮಲಗಿರಲು ಆಗದವಳು ನನ್ನ ತಾಯಿ. ಮೇಡಂ ನನ್ನ ಜೀವ ಉಳಿಸಿದರು, ಆ ಉಪಕಾರ ನಾನು ಸಾಯುವ ತನಕ ಮರೆಯಲ್ಲ. ಆದರೆ ಮೇಡಂ ಮನೆಯಲ್ಲಿ ಮಲಗಿಕೊಂಡು ನಾನು ಹೆಚ್ಚು ಯೋಚಿಸಿದ್ದು ನಿನ್ನನ್ನೇ. ಭಾನುವಾರ ಬಂದರೆ ನೀನು ಎರಡು ಬಸ್ಸು ಬದಲಾಯಿಸಿಕೊಂಡು, ನಿಪ್ಪಟ್ಟಿನ ಡಬ್ಬ ಮಡಿಲಲ್ಲಿಟ್ಟುಕೊಂಡು ಹಾಸ್ಟೆಲಿಗೆ ಬರುತ್ತಿದ್ದೆ. ನಾನು ಮುಖ ಊದಿಸಿಕೊಂಡು ಕೂರುತ್ತಿದ್ದೆ. ನೀನು ಸುಮ್ಮನೆ ತಲೆ ಬಾಚಿ ಹೋಗುತ್ತಿದ್ದೆ. ಥ್ಯಾಂಕ್ಸ್ ಅಂದರೆ ನಿನಗೆ ನಗು ಬರುತ್ತದೆ. ಆದರೂ ಥ್ಯಾಂಕ್ಸ್.

ಈಗ ನನ್ನ ಮಾತು ನನಗೆ ವಾಪಸ್ಸು ಕೊಡು. ಇನ್ನು ಮೇಲೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನೇ ಹೇಳುತ್ತೇನೆ. ಅಪ್ಪನಿಗೆ ನೀನೇ ಹೇಳು. ಬೈದರೆ ನನ್ನನ್ನು ಬೈಯಲಿ. ಪತ್ರ ಬರೆಯದೆ ಊರಿಗೆ ಹೋಗುವ ಹಾಗಿಲ್ಲ ಎಂದು ಮೇಡಂ ಷರತ್ತು ಹಾಕಿದ್ದರು. ಬರೆದೆ. ಮುಂದಿನ ಶನಿವಾರ ಬರುತ್ತೇನೆ. ಹೊಲಿಗೆಯ ಗುರುತು ನೋಡಿ ಅಳಬಾರದು.

ನಿನ್ನ ಮಡಿಲಿನ,
ಅರ್ಪಿತ

ಮರೆತದ್ದಲ್ಲ, ಈಗಷ್ಟೇ ಆದದ್ದು: ಪತ್ರ ಮಡಿಚಿಟ್ಟು ಮನೆಗೆ ಫೋನ್ ಮಾಡಿದೆ. ನೀನು ಡೈರಿಗೆ ಹಾಲು ಹಾಕಲು ಹೋಗಿದ್ದೆ. ಅಜ್ಜಿ ಎತ್ತಿ, ಯಾಕೆ ಮಗಾ ದನಿ ಇಳಿದದೆ ಅಂದಳು. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಿಮ್ಮಮ್ಮಂಗೆ ತವರಲ್ಲಿ ತಾಯಿ ಇರ್ಲಿಲ್ಲ. ನಿಂಗೆ ಎಣ್ಣೆ ತೀಡಿ ನೀರು ಹಾಕಿದ್ದು ನಾನೇ ಅಲ್ವೇನೆ? ಮೊದ್ಲನೇ ದಿನಾನೇ ಅಂಗೈಗೆ ಗೊತ್ತಾಯ್ತು, ಗುಂಡಿಗೆ ಬಲಗಡೆ ಹೊಡ್ಕೋತದೆ ಅಂತ. ಹಸೀ ಬಾಣಂತಿ ಎದೆ ಒಡ್ಕೋತಾಳೆ ಅಂತ ಬಾಯಿ ಬಿಡ್ಲಿಲ್ಲ. ಆವತ್ತು ಹಸ ಕೂಗ್ದಾಗ ನಂಗೂ ಎಚ್ಚರ ಇತ್ತು ಕಣವ್ವ. ಗ್ರಹಣದಲ್ಲಿ ಯಾರು ಏಳ್ತಾರೆ ಅಂತ ಮುಸುಕು ಎಳ್ಕೊಂಡೆ. ನಾನು ಎದ್ದು ಹೋಗಿದ್ರೆ ಬಸುರಿ ಹೆಂಗ್ಸು ಕುಡ್ಲು ಹಿಡೀತಿದ್ಲಾ?" ಮೂರನೇ ವಾರದ ಮಾತನ್ನು ಅವಳಿಗೂ ಹೇಳಿದೆ. ಅವಳು, ಇದನ್ನ ಮೊದ್ಲು ನಿಮ್ಮಮ್ಮಂಗೆ ಹೇಳು ಅಂದಳು. ಅಮ್ಮಾ, ಅವಳಿಗೆ ಓದಲು ಬರುವುದಿಲ್ಲವಲ್ಲ. ಈ ಪತ್ರವನ್ನು ಅವಳ ಪಕ್ಕದಲ್ಲಿ ಕೂತು ಜೋರಾಗಿ ಓದಿ ಹೇಳು.