ಕೌದಿಗೆ ಕೊಟ್ಟ ಕರವಸ್ತ್ರ

ರೋಹಿತ,

ಇವತ್ತು ಟಿವಿಯಲ್ಲಿ ಒಬ್ಬ ನಟಿ ಅತ್ತಳು. ಸಿನಿಮಾದಲ್ಲಿ ಸಿದ್ದಿ ಹುಡುಗಿಯ ಪಾತ್ರಕ್ಕೆಂದು ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡಿದ್ದಳಂತೆ. ಜನ ಬೈದರು, ಕ್ಷಮೆ ಕೇಳಿದಳು. ನಮ್ಮ ಸಿದ್ದಿ ಕೇರಿಯ ಹುಡುಗಿಯರಿಗೆಲ್ಲ ಸಿಟ್ಟು ಬಂದಿದೆ, ನನಗೂ. ಹಳೆ ಬಟ್ಟೆಯ ತುಂಡು ಸೇರಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದ ಅವ್ವ ಮಾತ್ರ, "ನಮಗ ದೇವರು ಪುಕ್ಕಟ ಕೊಟ್ಟಿದ್ದನ್ನ ಆಕಿ ಡಬ್ಬಿಯೊಳಗ ತಗೊಂಡಾಳ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಿನ್ನ ತಾಯಿಯನ್ನು ಕಾಣಲು ಬಂಗೂರನಗರಕ್ಕೆ ಬಂದ ದಿನ ನಾನೂ ಮುಖದ ತುಂಬ ಪೌಡರ್ ಬಳಿದುಕೊಂಡಿದ್ದೆ. ನಿಮ್ಮ ಗೇಟಿನ ಮುಂದೆ ನೀನು ಕರವಸ್ತ್ರದಿಂದ ಅದನ್ನು ಒರೆಸಿ, "ಇದೇನ ಹಚ್ಗೊಂಡಿ? ನೀ ಹೆಂಗದಿಯೋ ಹಂಗ ಬಾ" ಎಂದಿದ್ದೆ. ನಾಚಿಕೆಯೋ ಸಿಟ್ಟೋ, ಕರವಸ್ತ್ರ ಕಿತ್ತುಕೊಂಡು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟೆ. ತಿರುಗಿ ನೋಡಲಿಲ್ಲ. ನೀನು ಎಷ್ಟು ಹೊತ್ತು ಗೇಟಿನಲ್ಲಿ ನಿಂತಿದ್ದೆಯೋ ಗೊತ್ತಿಲ್ಲ.

ಕೌದಿ ಮುಗಿಯುತ್ತ ಬಂದಿದೆ. ಕೊನೆಯ ಕಿಂಡಿ ಮುಚ್ಚುವ ಮುನ್ನ, ಅದರ ಹೊಟ್ಟೆ ತುಂಬಿರಲೆಂದು ಅವ್ವ ನಾಲ್ಕು ಅಕ್ಕಿಕಾಳು ಹಾಕಿದಳು. ಮೇಲೆ ಹೊಲಿಯಲು ಬಟ್ಟೆ ಕೇಳಿದಳು. ಪೆಟ್ಟಿಗೆಯಿಂದ ನಿನ್ನ ಕರವಸ್ತ್ರ ತಂದುಕೊಟ್ಟೆ.

ಅವಳು ಬಿಚ್ಚಿ ನೋಡಿ, "ದಸ್ತಿಗೆ ಪೌಡರ್ ಹಂಗ ಐತಲ್ಲ, ತೊಳದಿಲ್ಲೇನು?" ಎಂದಳು.

"ಇರ್ಲಿ ಬೇ," ಎಂದೆ, "ಹಂಗ ಹೊಲಿ."